ಹದಿನೇಳನೇ ಸಂಖ್ಯೆಯ ಹಸುವಿನ ನೋವು

ಪ್ರಯೋಗದಲ್ಲಿರುವ ಹಸುವಿಗೆ ನೋವಾದರೆ ಅದನ್ನು ಏಳು ದಿನಗಳೊಳಗೆ ನಮೂನೆ ಐದರಲ್ಲಿ ತಿಳಿಸತಕ್ಕದ್ದು. ಹಸುಗಳು ಬರೆಯಲಾರವಾದ್ದರಿಂದ ಪ್ರಾಣಿ ಸಂಶೋಧನಾ ನೀತಿ ಸಮಿತಿಗೆ ಜಂಗಮಕೋಟೆಯ ವೆಂಕಟರತ್ನಮ್ಮನವರನ್ನು ಅವುಗಳ ಪರವಾಗಿ ನೇಮಿಸಲಾಗಿತ್ತು. ಅವರು ಆ ಕಾಲದ ಬಿ.ಎಸ್‌ಸಿ. ಮನೆಯಲ್ಲಿ ಹುಟ್ಟಿದ ಪ್ರತಿ ಕರುವಿನ ತಾರೀಖೂ ಅವರ ನೋಟ್‌ಬುಕ್ಕಿನಲ್ಲಿದೆ.

ಹೊಸ ಪಶು ಆಹಾರದ ಪ್ರಯೋಗಕ್ಕೆ ಊರಿನ ಇಪ್ಪತ್ತು ಹಸುಗಳು ಆಯ್ಕೆಯಾದವು. ವೆಂಕಟರತ್ನಮ್ಮನವರ ತುಂಗ ಹದಿನೇಳನೆಯದು. ಮಾಲೀಕರು ಸಮಿತಿಯಲ್ಲಿರಕೂಡದೆಂಬ ನಿಯಮವಿದ್ದುದರಿಂದ ತುಂಗಳನ್ನು ಸೊಸೆ ಹರಿಣಿಯ ಹೆಸರಿಗೆ ಬರೆಸಿ, ನಿಯಮವನ್ನು ಗೌರವಿಸಲಾಯಿತು.

ನಾಲ್ಕನೇ ದಿನ ತುಂಗ ಮೆಲುಕು ಹಾಕುವುದನ್ನು ನಿಲ್ಲಿಸಿ ಮಲಗಿಬಿಟ್ಟಿತು. ವೆಂಕಟರತ್ನಮ್ಮ ನಮೂನೆ ಐದನ್ನು ತುಂಬಿ ಕಾರ್ಯದರ್ಶಿ ಮೋಹನ್‌ಬಾಬುವಿಗೆ ಕೊಟ್ಟರು.

"ಆಹಾರ ನಿಲ್ಸೋಕೆ ಸಮಿತಿ ಬಂದು ನೋಡ್ಬೇಕಮ್ಮ. ಬರೋಕೆ ಗಾಡಿ ಮಂಜೂರಾಗ್ಬೇಕು, ಆ ಫೈಲು ಚಿಕ್ಕಬಳ್ಳಾಪುರದಲ್ಲಿದೆ. ಮೂರು ತಿಂಗಳಾಗುತ್ತೆ."

"ಅಲ್ಲೀವರೆಗೂ ಅದು ಉಳಿಯುತ್ತೇನಪ್ಪ?"

"ಸತ್ರೆ ನಮೂನೆ ಆರು. ಅದಕ್ಕೆ ಸಭೆ ಬೇಡ. ಬೇಗ ಆಗುತ್ತೆ."

ಅವರು ಮನೆಗೆ ಬಂದು ಆಹಾರದ ಬಾನಿಯನ್ನು ಸರಿಸಿದರು. ರೇಷ್ಮೆಹುಳು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿಯನ್ನು ತುಂಗಳ ಮುಂದೆ ಹಾಕಿದರು. ವೇಳೆ ಸಮೇತ ಬರೆದುಕೊಂಡರು. ಮೂರನೇ ದಿನ ಮೆಲುಕು ಬಂತು. ವಾರದಲ್ಲಿ ಒಂದು ಲೀಟರ್ ಹಾಲು ಹೆಚ್ಚಾಯಿತು.

"ನೀವು ಈಗ ನಿಲ್ಸಿದ್ರಾ ಅಕ್ಕ?" ಪಕ್ಕದ ಮನೆಯ ಆಂಜಿನಮ್ಮ ಗೋಡೆಯಾಚೆಯಿಂದ ಕೇಳಿದಳು. "ನಾನು ಎರಡನೇ ದಿನಾನೇ ನಿಲ್ಸ್ದೆ. ಓದಿದೋರಿಗೆ ಎಲ್ಲಾ ಸ್ವಲ್ಪ ತಡ. ಆ ಆಹಾರದ ಮೂಟೆಗಳಿಗೆ ರೇಷ್ಮೆಹುಳ ಗೂಡು ಕಟ್ಟೋ ಚಂದ್ರಿಕೆ ಒರಗಿಸಿದೀನಿ, ಚೆನ್ನಾಗಿ ನಿಂತವೆ."

ವೆಂಕಟರತ್ನಮ್ಮ ನೋಟ್‌ಬುಕ್ ಹಿಡಿದು ಇಪ್ಪತ್ತು ಕೊಟ್ಟಿಗೆಗಳನ್ನೂ ನೋಡಿದರು. ಇಪ್ಪತ್ತರಲ್ಲೂ ಹಿಪ್ಪುನೇರಳೆ ಕಡ್ಡಿಯೇ.

ಮೂರು ತಿಂಗಳಿಗೆ ಸಮಿತಿ ಬಂದು ವೆಂಕಟರತ್ನಮ್ಮನವರ ಮನೆಯಲ್ಲೇ ಸಭೆ ಸೇರಿತು. ಹಾಲು ಹೆಚ್ಚಿದೆ, ನೋವಿಲ್ಲ, ಆಹಾರ ಯಶಸ್ವಿ ಎಂದು ವಿಜ್ಞಾನಿ ಅಚ್ಯುತ್ ಓದಿದರು. ವೆಂಕಟರತ್ನಮ್ಮ ಎದ್ದು ತಮ್ಮ ನೋಟ್‌ಬುಕ್ಕನ್ನು ಓದಿದರು.

"ನಿಮ್ಮ ದಾಖಲೆ ಬಹಳ ಅಚ್ಚುಕಟ್ಟು ಅಮ್ಮ," ಎಂದರು ಅಚ್ಯುತ್. "ಆದ್ರೆ ನಮೂನೇಲಿ 'ಕೊಡಲಾಗಿದೆಯೇ' ಅಂತಿದೆ. 'ತಿಂದಿತೇ' ಅಂತ ಇಲ್ಲ."

"ನಾನು ಸಹಿ ಹಾಕ್ದಿದ್ರೆ?"

"ಮೊದಲನೇ ದಿನದಿಂದ ಮತ್ತೆ ಶುರು. ಈ ಸಲ ತಿನ್ನಿಸೋಕೆ ಕಾವಲು ಇಡ್ತೀವಿ."

ಹೊರಗೆ ತುಂಗ ಕೂಗಿತು. ವೆಂಕಟರತ್ನಮ್ಮ ಕನ್ನಡಕ ಒರೆಸಿಕೊಂಡರು.

"ಒಂದು ವಾಕ್ಯ ನಾನು ಹೇಳ್ದಂಗೆ ಬರಿಯಪ್ಪ, ಸಹಿ ಹಾಕ್ತೀನಿ."

ಮೋಹನ್‌ಬಾಬು ಬರೆದುಕೊಂಡ: "ಈ ಆಹಾರದಿಂದ ಯಾವ ಪ್ರಾಣಿಗೂ ನೋವು ಮುಂದುವರಿದಿಲ್ಲ, ಯಾಕೆಂದರೆ ಯಾವ ಪ್ರಾಣಿಯೂ ಅದನ್ನು ತಿನ್ನುವುದನ್ನು ಮುಂದುವರಿಸಿಲ್ಲ."

ಅಚ್ಯುತ್ ಎರಡು ಸಲ ಓದಿ, ವಾಕ್ಯ ಸ್ಪಷ್ಟವಾಗಿದೆ ಎಂದರು. ಎಲ್ಲರೂ ಸಹಿ ಹಾಕಿದರು. ಇಷ್ಟು ನೋವಿಲ್ಲದ ಪ್ರಯೋಗ ಸಮಿತಿಯ ಇತಿಹಾಸದಲ್ಲೇ ಇಲ್ಲವೆಂದು ಗೌರಿಬಿದನೂರಿನ ನಲವತ್ತು ಹಸುಗಳಿಗೆ ಎರಡನೇ ಹಂತ ಮಂಜೂರಾಯಿತು. ಅಲ್ಲಿಯೂ ಇದೇ ಕ್ರಮ ಅನುಸರಿಸತಕ್ಕದ್ದು. ಮೂಟೆಗಳನ್ನು ಹಸುಗಳಿಗೆ ಎಟುಕದಂತೆ ಇಡತಕ್ಕದ್ದು.

ಚಂದ್ರಿಕೆ ಒರಗಿಸಲು ಆಂಜಿನಮ್ಮ ಇನ್ನೂ ನಾಲ್ಕು ಮೂಟೆಗೆ ಅರ್ಜಿ ಕೊಟ್ಟಿದ್ದಾಳೆ. ಅರ್ಜಿ ನೈತಿಕವಾಗಿದೆಯೆಂದು ವೆಂಕಟರತ್ನಮ್ಮ ಶಿಫಾರಸು ಬರೆದು, ತಾರೀಖು ಹಾಕಿದ್ದಾರೆ.