ಎಂಟು ದನಿಗೆ ಒಂದು ಮೋನೊ

ಟೆಲಿಫೋನ್ ಇಲಾಖೆಯಿಂದ ನಿವೃತ್ತರಾದ ಮೇಲೆ ಧಾರವಾಡದ ವಾಮನರಾಯರು ಮನೆಯ ಒಂದು ವಸ್ತುವನ್ನೂ ನೆಮ್ಮದಿಯಾಗಿ ಇರಗೊಟ್ಟವರಲ್ಲ. ಈ ಸಲ ಕೈಗೆ ಸಿಕ್ಕಿದ್ದು ಒಂದು ಮಿಡಿ ಸಿಂತಸೈಜರ್, ಅಂದರೆ ಕೀಲಿಮಣೆಯ ವಿದ್ಯುತ್ ವಾದ್ಯ; ಅದನ್ನೂ ಬಿಚ್ಚಿ ತಮ್ಮ ರೀತಿಯಲ್ಲಿ ಜೋಡಿಸಿದ್ದರು. ಭಜನಾ ಸ್ಪರ್ಧೆಯ ದಿನ ಬೆಳಿಗ್ಗೆ ಹೆಂಡತಿ ವತ್ಸಲಾಬಾಯಿಯನ್ನು ಅದರ ಮುಂದೆ ಕೂರಿಸಿದರು.

“ಸುತ್ತಲಿನ ದನೀನೆಲ್ಲಾ ಹೀರಿ, ಶ್ರುತಿಗೆ ಕೂಡಿಸಿ ಹೊರಗ ಬಿಡ್ತದ. ಪಾಲಿ ಇಟ್ರ ಎಲ್ಲಾರ ದನಿ ಕೂಡಿ ಬರ್ತಾವ. ಮೋನೊ ಇಟ್ರ ಒಂದ ದನಿ. ಹೊಸಾದು ಶುರು ಆತಂದ್ರ ಹಳೇದು ಬಂದ್, ಒಳಗ ಉಳೀತದ” ಎನ್ನುತ್ತ ಮೋನೊ ಗುಂಡಿ ಒತ್ತಿದರು.

“ಅಲ್ರೀ, ಒಲಿ ಮ್ಯಾಲೆ...” ಎನ್ನುವಷ್ಟರಲ್ಲಿ ಕುಕ್ಕರ್ ಕೂಗಿತು. ವತ್ಸಲಾಬಾಯಿಯ ಬಾಯಿ ಆಡುತ್ತಲೇ ಇತ್ತು, ಮಾತು ಮಾತ್ರ ಇಲ್ಲ. ವಾಮನರಾಯರು ಧನ್ಯರಾದಂತೆ ಯಂತ್ರವನ್ನು ಸವರಿದರು.

ವತ್ಸಲಾಬಾಯಿಯ ತಲೆಯಲ್ಲಿ ಬೇರೆಯೇ ಲೆಕ್ಕ ಓಡುತ್ತಿತ್ತು. ಅವರ ಭಜನಾ ಮಂಡಳಿಯ ಎಂಟು ಮಂದಿಯಲ್ಲಿ ದ್ವಾರಕಾಬಾಯಿಯ ದನಿ ಯಾವಾಗಲೂ ಶ್ರುತಿ ಬಿಟ್ಟು ಪಕ್ಕದ ಓಣಿಗೆ ಹೋಗುತ್ತಿತ್ತು. ಎರಡು ವರ್ಷ ಬಹುಮಾನ ತಪ್ಪಿದ್ದು ಅದರಿಂದಲೇ. ಹೇಳುವ ಧೈರ್ಯ ಯಾರಿಗೂ ಇಲ್ಲ. ತಾಲೀಮು ನಡೆಯುವುದು ದ್ವಾರಕಾಬಾಯಿಯ ಮನೆಯಲ್ಲಿ, ಉಪ್ಪಿಟ್ಟೂ ಅವರದೇ.

“ದ್ವಾರಕಾಬಾಯಿ ದನಿ ಯಾವ ಯಂತ್ರಕ್ಕೂ ಶ್ರುತಿಗೆ ಬರೂದಿಲ್ಲ, ಮೋನೊ ಇಡ್ರಿ. ನಾ ಎಲ್ಲಾರಕಿಂತ ತುಸು ತಡಾ ಮಾಡಿ ಹಾಡು ಎತಗೋತೀನಿ. ನಂದೊಂದ ದನಿ ಕೇಳಸ್ತದ” ಎಂದರು. ದ್ವಾರಕಾಬಾಯಿಗೆ ಗೊತ್ತಾದರೆ?

ವೇದಿಕೆಯ ಪಕ್ಕದಲ್ಲಿ ವಾಮನರಾಯರು ಯಂತ್ರವನ್ನು ಮೋನೊಗೆ ಇಟ್ಟು ಕೂತರು. ಎಲ್ಲರೂ ಎತ್ತಿಕೊಂಡರೆಂದುಕೊಂಡು ಕೊನೆಗೆ ವತ್ಸಲಾಬಾಯಿ ಎತ್ತಿಕೊಂಡರು. ತನ್ನೊಬ್ಬಳದೇ ದನಿ ಸಭೆ ತುಂಬಿದ್ದು ಕೇಳಿ ಉಸಿರು ಬಿಡಬೇಕು, ಅಷ್ಟರಲ್ಲಿ ಅದು ಫಕ್ಕನೆ ನಿಂತಿತು. ಎಂದಿನಂತೆ ದ್ವಾರಕಾಬಾಯಿ ಅವರಿಗಿಂತಲೂ ತಡವಾಗಿ ಎತ್ತಿಕೊಂಡಿದ್ದರು. ಪ್ರತಿ ಅಕ್ಷರದಲ್ಲೂ ಒಂದು ಕೂದಲೆಳೆ ಹಿಂದೆ, ಹೀಗಾಗಿ ಪ್ರತಿ ಅಕ್ಷರವೂ ಅವರದೇ. ಉಳಿದವರು ಹಾಡು ಮರೆತರೆಂದು ತಿಳಿದ ಆ ತಾಯಿ, ಮಂಡಳಿಯ ಮಾನ ಉಳಿಸಲು ಎರಡು ಪಟ್ಟು ಜೋರಾಗಿ ಹಾಡತೊಡಗಿದರು.

ಸಿಟ್ಟಿಗೆ ವತ್ಸಲಾಬಾಯಿ ಏನೋ ಅಂದರು. ಕೇಳಿಸಲಿಲ್ಲ. ಉಳಿದ ಆರು ಮಂದಿಯೂ ಏನೇನೋ ಅಂದರು. ಅದೂ ಕೇಳಿಸಲಿಲ್ಲ. ಹೆಂಡತಿಯ ಕೈಸನ್ನೆಗೆ ಗಾಬರಿಯಾದ ವಾಮನರಾಯರು ಪಾಲಿ ಗುಂಡಿ ಒತ್ತಿಬಿಟ್ಟರು.

ಯಂತ್ರ ನುಂಗಿದ್ದೆಲ್ಲ ಒಟ್ಟಿಗೇ ಹೊರಬಂತು.

“ಈ ದ್ವಾರಕಾಬಾಯಿ ಗಂಟಲಾ ಇವತ್ತರ ಕಟ್ಟಬಾರದಿತ್ತೇನು?” ವತ್ಸಲಾಬಾಯಿಯ ದನಿ, ಸ್ಪಷ್ಟವಾಗಿ. ಜೊತೆಗೆ ಆರು ದನಿ: “ಈ ವತ್ಸಲಾಬಾಯಿ ಗಂಡನ ಯಂತ್ರಕ್ಕ ಬೆಂಕಿ ಹತ್ತಲಿ.”

ವತ್ಸಲಾಬಾಯಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ದ್ವಾರಕಾಬಾಯಿ ಹಾಡು ನಿಲ್ಲಿಸಿ ಅವರತ್ತ ತಿರುಗಿದರು. ಮುಖ ಸಣ್ಣದಾಗಿತ್ತು.

“ಮದಲ ಹೇಳಿದ್ರ ತಾಳಾನರ ಹಾಕ್ತಿದ್ದೆನಲ್ಲವಾ ವತ್ಸಲಾ.”

ಆ ಮಾತೂ ಶ್ರುತಿಯಲ್ಲೇ ಬಂತು. ಬೈಗುಳ, ಅಳಲು ಎಲ್ಲವನ್ನೂ ಯಂತ್ರ ಎಳೆಯಷ್ಟೂ ತಪ್ಪದೆ ಕೂಡಿಸಿತ್ತು. ಎಂಟು ದನಿ ಹಾಗೆ ಒಂದಾದದ್ದು ಅದೇ ಮೊದಲು. ವತ್ಸಲಾಬಾಯಿ ದ್ವಾರಕಾಬಾಯಿಯ ಕೈ ಹಿಡಿದುಕೊಂಡರು. ಅವರು ಬಿಡಿಸಿಕೊಳ್ಳಲಿಲ್ಲ.

ತೀರ್ಪುಗಾರ ಹಾವನೂರ ಮಾಸ್ತರು ಮುಚ್ಚಿದ ಕಣ್ಣು ನಿಧಾನವಾಗಿ ತೆರೆದು, ಚೀಟಿಯಲ್ಲಿ ಬರೆದುಕೊಟ್ಟರು:

“ಶ್ರುತಿ ಶುದ್ಧವಾಗಿದೆ. ಸಾಹಿತ್ಯ ಬದಲಿಸಿಕೊಳ್ಳಿ.”