ದೊಡ್ಡಪ್ಪನವರ ದಂತಾವಲೋಕನ

ಲೋಕದಲ್ಲಿ ಮನುಷ್ಯರನ್ನು ಮುಖ ನೋಡಿ ಗುರುತಿಸುವವರೇ ಹೆಚ್ಚು. ನಮ್ಮ ದೊಡ್ಡಪ್ಪನವರಿಗೆ ಮುಖವೆಂಬುದು ಬರೀ ಬಾಗಿಲು. ಒಳಗಿನ ಸಾಮಾನು ನೋಡದೆ ಅವರು ಯಾರ ಯೋಗಕ್ಷೇಮವನ್ನೂ ವಿಚಾರಿಸಿದವರಲ್ಲ. ನಾನು ಹುಟ್ಟಿದ ದಿನ ಮನೆಮಂದಿಯೆಲ್ಲ ಕೂಸಿನ ಮೂಗು ಯಾರದು, ಬಣ್ಣ ಯಾರದು ಎಂದು ಜಗಳವಾಡುತ್ತಿದ್ದಾಗ ಇವರು ಕಿರುಬೆರಳಿನಿಂದ ನನ್ನ ತುಟಿ ಎತ್ತಿ "ಹಲ್ಲಿಲ್ಲ" ಎಂದು ಘೋಷಿಸಿದರಂತೆ. ಅಂದು ಆರಂಭವಾದ ಸಂಶೋಧನೆ ನನ್ನ ನಿವೃತ್ತಿಯವರೆಗೂ ನಡೆದು ಬಂತು! ಹುಟ್ಟಿದ ಮಕ್ಕಳ ಬಾಯಿಯನ್ನು ವಿಜ್ಞಾನಿಗಳೂ ಹೀಗೆ ವರ್ಷಾನುಗಟ್ಟಲೆ ಹಿಂಬಾಲಿಸುವುದುಂಟೆಂದು ಈಚೆಗೆ ಪತ್ರಿಕೆಯಲ್ಲಿ ಓದಿದೆ. ಅವರಿಗೆ ರಾಶಿ ರಾಶಿ ಬಾಯಿಗಳು ಬೇಕಂತೆ. ದೊಡ್ಡಪ್ಪನವರಿಗೆ ನನ್ನದೊಂದೇ ಸಾಕಾಗಿತ್ತು.

ಇದಕ್ಕೆಲ್ಲ ಮೂಲ ಎತ್ತುಗಳು. ನಮ್ಮೂರು ಶಿರಂಗಾಲದಲ್ಲಿ ಯಾರು ಎತ್ತು ಕೊಳ್ಳಹೊರಟರೂ ಹಲ್ಲು ನೋಡಿ ವಯಸ್ಸು ಹೇಳಲು ದೊಡ್ಡಪ್ಪ ಜೊತೆಗಿರಲೇಬೇಕಿತ್ತು. ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಕೊನೆಗೆ ಎಲ್ಲವೂ ಬಂದು ಬಾಯಿ ಕೂಡುವುದು. ಆಮೇಲೆ ಊರಿಗೆ ಟ್ರ್ಯಾಕ್ಟರು ಬಂತು. ಅದರ ತುಟಿ ಎತ್ತುವುದು ಹೇಗೆ? ಕಲಿತ ವಿದ್ಯೆ ಕೆಡಬಾರದೆಂದು ಎತ್ತುಗಳ ಪಾಲನ್ನೂ ನನಗೇ ಕೊಟ್ಟರು. ಸುಗ್ಗಿ ಮುಗಿದೊಡನೆ ನನ್ನನ್ನು ಬಿಸಿಲಿಗೆ ನಿಲ್ಲಿಸಿ "ಬಾಯಿ ಬಿಡ್ಲಾ" ಎನ್ನುವುದು ಅವರ ಮಟ್ಟಿಗೆ ಒಂದು ಹಬ್ಬ.

ನಾನು ಎಸ್ಸೆಸ್ಸೆಲ್ಸಿಯ ಗಣಿತದಲ್ಲಿ ಬಿದ್ದಾಗ ಅಪ್ಪ ಬೆತ್ತ ಹುಡುಕಿದರು. ದೊಡ್ಡಪ್ಪ ಅಡ್ಡ ನಿಂತು, ಇನ್ನೂ ಬಾಯಿ ಕೂಡದವನನ್ನು ನೊಗಕ್ಕೆ ಹೂಡಿದ್ದೇ ತಪ್ಪು ಎಂದು ವಾದಿಸಿದರು. ನನ್ನ ದಡ್ಡತನಕ್ಕೆ ಅಷ್ಟು ಗೌರವಯುತವಾದ ವಿವರಣೆ ಮತ್ತೆಂದೂ ಸಿಕ್ಕಿಲ್ಲ.

ಮುಂದೆ ಸಂಪಾಜೆಯಿಂದ ಹೆಣ್ಣಿನ ಕಡೆಯವರು ನನ್ನನ್ನು ನೋಡಲು ಬಂದರು. ಸಂಬಳ ವಿಚಾರಿಸಿದರು, ಸ್ವಭಾವ ವಿಚಾರಿಸಿದರು. ಎರಡರಲ್ಲೂ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ. ದೊಡ್ಡಪ್ಪ ಗಂಟಲು ಸರಿಮಾಡಿಕೊಂಡರು.

"ಒಂದು ಹಲ್ಲೂ ಅಲ್ಲಾಡಲ್ಲ. ಬೇಕಾದ್ರೆ ನೀವೇ ಹಿಡಿದು ನೋಡಿ."

"ನಾವು ಎತ್ತು ಕೊಳ್ಳಲಿಕ್ಕೆ ಬಂದದ್ದಲ್ಲ" ಎಂದರು ನನ್ನ ಭಾವೀ ಮಾವ.

"ಎತ್ತಾಗಿದ್ರೆ ನಂಗೆ ಹೊಗಳೋ ಕಷ್ಟವೇ ಇರ್ತಿರಲಿಲ್ಲ ಬಿಡಿ."

ಒಳಗಿನಿಂದ ನಮ್ಮಮ್ಮ ನಕ್ಕಿದ್ದು ಹೊರಗೆ ಕೇಳಿಸಿತು. ಮದುವೆಯಂತೂ ಆಯಿತು, ಕೊನೆಗೂ ನನ್ನಲ್ಲಿ ಹೆಂಡತಿಗೆ ದೊರೆತದ್ದು ಗಟ್ಟಿ ಹಲ್ಲು ಮಾತ್ರ.

ಅಯ್ಯೋ, ಅದೂ ನಿಲ್ಲಲಿಲ್ಲ! ಕುಶಾಲನಗರದ ಕಚೇರಿಯ ಸಿಹಿ ಟೀ ಕುಡಿಯುತ್ತ ಕುಡಿಯುತ್ತ ನನ್ನ ದವಡೆಯ ಸಿಬ್ಬಂದಿ ನನಗಿಂತ ಮೊದಲೇ ನಿವೃತ್ತರಾಗತೊಡಗಿದರು. ಹೋದದ್ದು ಹಿಂದಿನ ಸಾಲಿನವರಾದ್ದರಿಂದ, ಮುಂದಿನವರನ್ನು ಕಿಸಿದು ತೋರಿಸಿ, ಬಾಯಿ ಪೂರ್ತಿ ಬಿಟ್ಟರೆ ದವಡೆ ಹಿಡಿಯುತ್ತದೆಂದು ಹೇಳಿ ಕೆಲವು ವರ್ಷ ದೊಡ್ಡಪ್ಪನವರನ್ನು ಸಾಗಹಾಕಿದೆ. ಕಳೆದ ಬೇಸಿಗೆಯಲ್ಲಿ ಡಾಕ್ಟರು ಉಳಿದವರನ್ನೂ ಕಿತ್ತು, ಒಸಡು ಆರಿದ ಮೇಲೆ ಸೆಟ್ಟು ಹಾಕೋಣವೆಂದರು.

ಹಲ್ಲು ಹೋದದ್ದಕ್ಕೆ ನಾನು ಅಂಜಲಿಲ್ಲ. ಅಂಜಿದ್ದು ದೊಡ್ಡಪ್ಪನವರಿಗೆ ಗೊತ್ತಾದರೆ ಎಂದು. ವಯಸ್ಸಾಗಿ ಮನೆಯಲ್ಲೇ ಕೂತ ಅವರಿಗೆ ಬಂದುಹೋಗುವವರ ಮುಂದೆ ಹೇಳಿಕೊಳ್ಳಲು ಉಳಿದ ಹೆಮ್ಮೆಯೆಂದರೆ ನನ್ನ ಬಾಯಿ. ಅದನ್ನು ಕಸಿಯುವುದು ಹೇಗೆ? ಶಿರಂಗಾಲದ ಕಡೆ ತಲೆ ಹಾಕುವುದನ್ನೇ ಬಿಟ್ಟೆ. ಅವರೇ ಫೋನು ಮಾಡಿದರು.

"ಬಾಯಲ್ಲಿ ಏನಿಟ್ಕೊಂಡು ಮಾತಾಡ್ತಿದ್ದೀಯ್ಲಾ?"

"ಏನೂ ಇಲ್ಲ ದೊಡ್ಡಪ್ಪ."

ಅಷ್ಟು ಶುದ್ಧವಾದ ಸತ್ಯವನ್ನು ನಾನು ಜನ್ಮದಲ್ಲಿ ನುಡಿದಿರಲಿಲ್ಲ.

ಆದರೆ ಪಿತೃಪಕ್ಷಕ್ಕೆ ಹೋಗದಿರಲಾದೀತೆ? ಹಿರಿಯರಿಗೆ ಎಡೆ ಇಟ್ಟಾದ ಮೇಲೆ ಬಾಡೂಟಕ್ಕೆ ಎಲೆ ಹಾಕಿದರು. ದೊಡ್ಡಪ್ಪ ನನ್ನನ್ನು ಪಕ್ಕದಲ್ಲೇ ಕೂರಿಸಿಕೊಂಡರು. ಮುದ್ದೆಯ ಮಟ್ಟಿಗೆ ನಾನು ನಿಶ್ಚಿಂತ. ಅದನ್ನು ಅಗಿಯುವವನು ನಮ್ಮ ಕುಲದಲ್ಲೇ ಇಲ್ಲ. ಮಾಂಸದ ತುಂಡುಗಳನ್ನು ಮಾತ್ರ ಎಲೆಯ ಮೇಲೆ ಅತ್ತಿಂದಿತ್ತ ವರ್ಗಾವಣೆ ಮಾಡುತ್ತ ಕೂತೆ. ಸರ್ಕಾರಿ ಅನುಭವ ಅಷ್ಟಕ್ಕಾದರೂ ಬೇಡವೆ?

ದೊಡ್ಡಪ್ಪ ನೋಡಿದರು. ತಂಬಿಗೆಯ ನೀರಲ್ಲಿ ಕೈ ತೊಳೆದುಕೊಂಡು ನನ್ನ ಗಲ್ಲ ಹಿಡಿದರು. ತಪ್ಪಿಸಿಕೊಳ್ಳುವ ದಾರಿಯಿರಲಿಲ್ಲ. ಈಗೀಗ ಅವರಿಗೆ ಕಣ್ಣು ಮಂಜು. ಬೆರಳನ್ನೇ ಒಳಗಿಟ್ಟು, ಕೆಳಗಿನ ಒಸಡು, ಮೇಲಿನ ಒಸಡು, ಕೊನೆಯವರೆಗೂ ನಿಧಾನವಾಗಿ ಸವರಿದರು. ನಾನು ಕಣ್ಣು ಮುಚ್ಚಿಕೊಂಡು ಬೈಗುಳಕ್ಕೆ ಕಾದೆ.

"ಎಲ್ಲಾ ಕಿತ್ತುಬಿಟ್ರಾ?"

ಹ್ಞೂಂ ಅಂದೆ.

"ಭಾಳ ನೋವಾಯ್ತಾ, ಮಗಾ?"

ಇಷ್ಟು ವರ್ಷದಲ್ಲಿ ಅವರು ಬಾಯಿ ನೋಡಿದ ಮೇಲೆ ಹಲ್ಲನ್ನು ಬಿಟ್ಟು ನನ್ನನ್ನು ಕೇಳಿದ್ದು ಅದೇ ಮೊದಲು. ಅವರು ಉತ್ತರಕ್ಕೆ ಕಾಯಲಿಲ್ಲ. ನನ್ನ ಎಲೆಯ ತುಂಡುಗಳನ್ನು ತಮ್ಮತ್ತ ಎಳೆದುಕೊಂಡು, ಮೂಳೆಯಿಂದ ಬಿಡಿಸಿ, ಬೆರಳಲ್ಲೇ ತಡವುತ್ತ ಎಳೆಎಳೆಯಾಗಿ ಸೀಳತೊಡಗಿದರು. ದೊಡ್ಡಮ್ಮ ತಾನು ಮಾಡಿಕೊಡುತ್ತೇನೆಂದರೆ ಮೊಣಕೈಯಿಂದಲೇ ತಡೆದರು. ಸೀಳಿದ್ದನ್ನು ನನ್ನ ಮುದ್ದೆಯ ಪಕ್ಕಕ್ಕೆ ಸರಿಸಿ, ಸಾರು ಹಾಕಿಸಿ, "ತಿನ್ನು" ಎಂದರು. ಮತ್ತೊಂದು ತುಂಡಿಗೆ ಕೈ ಹಾಕಿದರು.

ಅವರ ಎಲೆಯಲ್ಲಿ ಮುರಿಯದೆ ಬಿಟ್ಟಿದ್ದ ಮುದ್ದೆ ಆರಿ ಕಲ್ಲಾಗುತ್ತಿತ್ತು.