ಸಾಂಗಲಿ-ಮಿರಜಿ ತೋರಸಾವನ ಡಬ್ಬಿ

ಇಲ್ರಿ, ಫೇಲಾಗಿ ಬಿಟ್ಟಿಲ್ಲ. ನೀವು ಬಾಯಿ ಬಿಟ್ಟ ಕೇಳಿಲ್ಲ, ಖರೆ. ಆದ್ರ ಇಷ್ಟ ಮಾತಾಡಾಂವ ಕಾಲೇಜ್ ಯಾಕ ಬಿಟ್ಟಾ ಅಂತ ನಿಮ್ಮ ಮಾರಿ ಮ್ಯಾಲೆ ಬರದೈತಿ. ಇಂಜಿನಿಯರಿಂಗ್ ಎರಡನೇ ವರ್ಷದಾಗ ಬಿಟ್ನಿ. ಕುಂತಲ್ಲೇ ಕುಂದ್ರೂದು ನನ್ನ ಕೈಲೆ ಆಗೂದಿಲ್ಲ. ಅಲ್ಲಿ ಒಂದ ಬೆಂಚಿನ ಮ್ಯಾಲೆ ಆರ ತಾಸ ಕುಂದ್ರಸ್ತಿದ್ರು.

ಈಗ ಕರ್ನಾಟಕದಿಂದ ಬರೂ ಮಂದಿಗೆ ಸಾಂಗಲಿ, ಮಿರಜಿ ತೋರಸ್ತೇನಿ. ಮಿರಜಿ ಸ್ಟೇಷನ್ ಮುಂದ ಚಾಹಾದ ಗಾಡಿ ಇಟ್ಟಿರೋ ಕಾಕಾ ಗಿರಾಕಿ ಹಿಡದ ಕೊಡ್ತಾನ. ಅಡಚಣಿ ಒಂದ ಇತ್ತು, ಕಾಲೇಜ್ ಬಿಟ್ಟಿದ್ದು ಮನ್ಯಾಗ ಯಾರಿಗೂ ಗೊತ್ತಿರಲಿಲ್ಲ. ಅವ್ವ ದಿನಾ ಮುಂಜಾನೆ ಎರಡ ಡಬ್ಬಿ ಕಟ್ಟತಿದ್ಲು. ಅಪ್ಪಾ ಹಳದಿ, ಅಂದ್ರ ಅರಿಷಿಣದ ಪೇಟ್ಯಾಗ ಲೆಕ್ಕಾ ಬರಿಯೂ ದಿವಾಣಜಿ, ಒಂದು ಅವರಿಗೆ. ಇನ್ನೊಂದು ಕಾಲೇಜಿಗೆ ಹೋಗೂ ನನಗ. ಆ ಡಬ್ಬಿ ಆರ ತಿಂಗಳು ಊರೆಲ್ಲಾ ತಿರಗಾಡೈತಿ, ಕಾಲೇಜಿನ ಮಾರಿ ಒಂದ ನೋಡಿಲ್ಲ. ಕಾಲೇಜ್ ತಪ್ಪಿಸಿದ್ರ ಮಾಲಗಾಂವದ ಕಾಕಾನ ದ್ರಾಕ್ಷಿ ತ್ವಾಟಕ್ಕ ಅಟ್ಟತೇನಿ ಅಂತ ಅಪ್ಪಾ ಮದಲ ಹೇಳಿಟ್ಟಿದ್ರು. ಅಲ್ಲಿ ಬಳ್ಳಿಯರ ಅತ್ತಿತ್ತ ಹಬ್ಬತೈತಿ, ನಾ ಕಂಬದಂಗ ನಿಂದ್ರಬೇಕು.

ಅಂಜಕೋತ ಊರು ತೋರಸಾವ್ಗ ದಿನಾ ಒಂದಿಲ್ಲೊಂದು ಆಗೂದ. ಓಣಿ ಹಿಡದ ಹೇಳ್ತೇನಿ, ಬಂದಾಗ ಉಪಯೋಗಕ್ಕ ಬರ್ತೈತಿ.

ಮಿರಜಿ ಸ್ಟೇಷನ್

ಮಿರಜಿಗೆ ಬರೂವಾಗ ಹಳೇ ಚಪ್ಪಲಿ ಹಾಕ್ಕೊಂಡ ಬರ್ರಿ. ಇದು ದವಾಖಾನಿ ಊರು. ಇಲ್ಲಿ ರಿಕ್ಷಾದವ್ರು ಎಲ್ಲಿಗೆ ಅಂತ ಕೇಳೂದಿಲ್ಲ, ಯಾವ ಡಾಕ್ಟರ್ ಅಂತ ಕೇಳ್ತಾರು.

ಗೋಕಾಕದಿಂದ ಒಬ್ಬ ಮಾಸ್ತರ್ರು ಊರು ನೋಡಾಕ ಬಂದ್ರು. ಹೊಸಾ ಚಪ್ಪಲಿ ಕಡದು ಕುಂಟಾಕತ್ತಿದ್ರು. ನಾ ಬರೂದು ಐದ ಮಿನಿಟ್ ತಡಾ ಆತು, ಅಷ್ಟರಾಗ ಒಬ್ಬ ರಿಕ್ಷಾದಾಂವ ಅವ್ರನ್ನ ಹುಷಾರಲೇ ಎತ್ತಿ ಕುಂದ್ರಸ್ಕೊಂಡ ಹೋಗಿಬಿಟ್ಟಾ. ನಾ ಊರು ನೋಡಾಕ ಬಂದೇನಪಾ ಅಂತ ಮಾಸ್ತರ್ರು ಹೇಳೇ ಹೇಳಿದ್ರಂತ. "ಎಲ್ಲಾರೂ ಮದಲ ಹಂಗ ಅಂತಾರ್ರಿ, ಅಂಜಬ್ಯಾಡ್ರಿ" ಅಂದನಂತ ಅಂವ. ಒಂದ ತಾಸಿನ ಮ್ಯಾಲೆ ಎಲುಬಿನ ದವಾಖಾನಿ ಮುಂದ ಸಿಕ್ರು, ಬಗಲಾಗ ಎಕ್ಸರೇ. ಬೆಳಕಿಗೆ ಹಿಡದ ನನಗೂ ತೋರಿಸಿದ್ರು, ಎಲುಬು ಭಾಳ ಚಲೋ ಅದಾವಂತ ಅಂದ್ರು. ಹೊಳ್ಳಿ ಹೋಗೂ ಗಾಡಿ ಬಂದಿತ್ತು. ಮಿರಜ್ಯಾಗ ಅವ್ರು ನೋಡಿದ್ದು ಒಂದ, ತಮ್ಮ ಕಾಲು.

ಸಿತಾರ ಮಾಡೂ ಓಣಿ

ಇದನ್ನ ನೋಡ್ಲೇಬೇಕು. ಕುಂಬಳಕಾಯಿಯಷ್ಟ ದೊಡ್ಡ ಸೋರೆಕಾಯಿ ಒಣಗಿಸಿ ಮಾಳಿಗಿಗೆ ತೂಗಹಾಕಿರ್ತಾರು, ಅದರಿಂದ ಸಿತಾರದ ಹೊಟ್ಟಿ ಆಗ್ತೈತಿ. ಅಥಣಿ ಕಡೆಯಿಂದ ಬಂದ ಒಬ್ಬಾಕಿ ಹಿರೇ ಹೆಂಗಸು, ನಾವು ಮಾವಶಿ ಅಂತೇವಿ, ಒಂದೊಂದ ಕಾಯಿ ಬೆರಳಲೇ ಬಡದು, ಕಿವಿ ಹಚ್ಚಿ ಕೇಳಿದ್ಲು. ಸಿತಾರ ಮಾಡೂ ಉಸ್ತಾದರು ಯಾರೋ ದೊಡ್ಡ ಕಲಾವಿದೆ ಬಂದಾಳಂತ ಎದ್ದ ನಿಂತ್ರು, ಒಳಗಿಂದ ಚಲೋದೊಂದ ಕಾಯಿ ತಂದ ಮುಂದ ಇಟ್ರು. ಮಾವಶಿ ಅದನ್ನೂ ಬಡದು, ಎಳೀದು ಇದ್ದಾಗ ಹರದಿದ್ರ ನಾಕ ಮಂದಿಗೆ ಪಲ್ಯಾ ಆಗ್ತಿತ್ತು, ಸುಮ್ನ ಒಣಗಿಸಿ ಕೆಡಿಸೀರಿ ಅಂದ್ಲು. ಉಸ್ತಾದರು ನಕ್ಕೋತ ಒಂದ ಮುಟಗಿ ಬೀಜಾ ಕೊಟ್ರು.

ಹೋದ ತಿಂಗಳು ಮಾವಶಿ ಫೋನ್ ಬಂತು. "ಬಳ್ಳಿ ಹಿತ್ತಲ ತುಂಬ ಹಬ್ಬೇತಿ. ಕಾಯಿ ಇಷ್ಟ ಕಹಿ, ಎಮ್ಮಿನೂ ಮೂಸೂದಿಲ್ಲ. ಇನ್ನ ಏನ್ ಮಾಡೂದು, ಸಿತಾರ ಕಲಸಾವ್ರನ್ನ ಯಾರನ್ನರ ಕಳಸು."

ನದಿ ದಂಡಿ ಪೇಟಿ

ಸಾಂಗಲ್ಯಾಗ ನದಿ ಕಡೆ ಹಳೇ ಪೇಟಿ ತಿರಗ್ರಿ, ಭಡಂಗ ತಗೊಳ್ರಿ. ಭಡಂಗ ಅಂದ್ರ ನಮ್ಮ ಕಡೆ ಖಾರಾ ಚುರಮರಿ. ಹಾದಿ ಮಾತ್ರ ಯಾರನ್ನೂ ಕೇಳಬ್ಯಾಡ್ರಿ. ಕೃಷ್ಣಾ ನೀರು ಊರಾಗ ಹೊಕ್ಕ ಹೋದಾಗಿಂದ ನಮ್ಮ ಮಂದಿ ಅಡ್ರೆಸ್ ನೀರಿನ ಮಟ್ಟದ ಮ್ಯಾಲೆ ಹೇಳ್ತಾರು.

ನಿಪ್ಪಾಣಿಯಿಂದ ಬಂದ ಹೊಸಾ ಗಂಡಾ-ಹೆಂಡ್ತಿಗೆ ಭಡಂಗದ ಅಂಗಡಿ ಬೇಕಾಗಿತ್ತು. ನಾ ಫೋನಿನಾಗ ಇದ್ನಿ, ಅವ್ರು ಕಟ್ಟಿ ಮ್ಯಾಲಿನ ಅಜ್ಜನ್ನ ಕೇಳಿದ್ರು. ಅಜ್ಜ ಸರಳ ಹೇಳಿದಾ: ಇಲ್ಲಿ ಮೊಣಕಾಲ ಮಟಾ, ಮುಂದ ನಡಾ ಮಟಾ, ಎದಿ ಮಟಾ ಆದ ಮ್ಯಾಲೆ ಬಲಕ್ಕ ಹೊಳ್ರಿ. ಮಟಮಟ ಮಧ್ಯಾಹ್ನ, ರಸ್ತೆದಾಗ ಧೂಳ. ನಾ ಫೋನ್ ಇಟ್ಟ ನೋಡ್ತೇನಿ, ಗಂಡ ಪ್ಯಾಂಟ್ ಮ್ಯಾಲೆ ಮಡಚ್ಯಾನ, ಬೂಟ ಕೈಯಾಗ ಹಿಡದಾನ, ಹೆಂಡ್ತಿಗೆ ಹೇಳಾಕತ್ತಾನ: "ನೀ ಇಲ್ಲೇ ಇರು, ನಿನಗ ಈಜ ಬರೂದಿಲ್ಲ."

ಹರಿಪುರದ ಸಂಗಮ

ಒಂದ ಸೋಮವಾರ ಮುಂಜಾನೆ ಉಪ್ಪಿಟ್ಟ ತಿನ್ನಕೋತ ಅಪ್ಪಾ ನನಗ ಬೈದ್ರು. ಬಾಗಲಕೋಟಿಯಿಂದ ಹಳದಿ ತಗೊಳ್ಳೂ ದೊಡ್ಡ ವ್ಯಾಪಾರಿ ಬರಾವ್ರಿದ್ರು, ಊರು ತೋರಸಾಕ ಅಪ್ಪಾ ಯಾರ ಕೈಲೋ ಹೇಳಿ ಒಬ್ಬನ್ನ ಗೊತ್ತ ಮಾಡ್ಸಿದ್ರು. "ನಿನ್ನ ವಯಸ್ಸಿನಾವಂತ ಲೇ. ತನ್ನ ಕಾಲ ಮ್ಯಾಲೆ ನಿಂತಾನ. ನೋಡಿ ಕಲಿ" ಅಂದ್ರು. ಅಷ್ಟ ಹೊಗಳಿಕಿ ಕೇಳಿ ಅದು ನಾನ ಇರಬೇಕಂತ ನನಗ ಹೊಳೀಲಿಲ್ಲ. ಡಬ್ಬಿ ತಗೊಂಡ ಹೊಂಟ್ನಿ.

ಸ್ಟೇಷನ್ ಮುಂದ ಚಾಹಾದ ಕಾಕಾ ನನ್ನ ಬೆನ್ನ ಮ್ಯಾಲೆ ಕೈ ಇಟ್ಟು, ಇವ್ನ ನೋಡ್ರಿ ಹುಡಗಾ ಅಂದಾ. ಎದುರಿಗೆ ವ್ಯಾಪಾರಿ ಕಾಕಾ, ಅವ್ರ ಹೆಂಡ್ತಿ, ಆಕೀನೂ ನನಗ ಮಾವಶಿನ, ನಡುವ ನಮ್ಮ ಅಪ್ಪಾ. ಅಪ್ಪಾ ಆಗಷ್ಟ ಅವ್ರ ಮುಂದ, ನನ್ನ ಮಗಾ ಈಗ ಕಾಲೇಜಿನಾಗ ಓದಕೋತ ಕುಂತಿರ್ತಾನ ಅಂತ ಹೇಳಿ ಮುಗಿಸಿದ್ರು. ಇನ್ನ ನನ್ನನ್ನ ಅವ್ರು ಹೆಂಗ ಗುರ್ತ ಹಿಡೀಬೇಕು?

"ನಮಸ್ಕಾರ್ರಿ" ಅಂದ್ರು ಅಪ್ಪಾ, ನನಗ.

"ನಮಸ್ಕಾರ್ರಿ ಕಾಕಾ" ಅಂದ್ನಿ.

ಗಣಪತಿ ಗುಡಿ, ಘಾಟ್ ಎಲ್ಲಾ ತೋರಿಸಿದ್ನಿ. ನನ್ನ ಹಾಸ್ಯಕ್ಕ ಗಿರಾಕಿ ನಕ್ರು, ಅಪ್ಪಾ ನಗಲಿಲ್ಲ. ಮಧ್ಯಾಹ್ನ ಹರಿಪುರಕ್ಕ ಬಂದ್ವಿ. ಕೃಷ್ಣಾ, ವಾರಣಾ ಕೂಡೂ ಜಾಗಾ, ನೆರಳು ಐತಿ, ಊಟಕ್ಕ ಚಲೋ. ಎಲ್ಲಾರೂ ಡಬ್ಬಿ ಬಿಚ್ಚಿದ್ವಿ. ಅಪ್ಪಾನ ಡಬ್ಬ್ಯಾಗ ಹೆಸರಕಾಳ ಪಲ್ಯಾ, ಶೇಂಗಾ ಚಟ್ನಿ, ಮೂರ ಚಪಾತಿ. ನನ್ನ ಡಬ್ಬ್ಯಾಗ ಹೆಸರಕಾಳ ಪಲ್ಯಾ, ಶೇಂಗಾ ಚಟ್ನಿ, ಮೂರ ಚಪಾತಿ. ಮಾವಶಿ ಆ ಡಬ್ಬಿ ನೋಡಿದ್ಲು, ಈ ಡಬ್ಬಿ ನೋಡಿದ್ಲು.

"ಸಾಂಗಲ್ಯಾಗ ಇವತ್ತ ಎಲ್ಲಾರ ಮನ್ಯಾಗೂ ಇದ ಪಲ್ಯಾ ಏನ್ರಿ?"

"ಸೋಮವಾರ ಹಂಗ ಇರ್ತೈತ್ರಿ" ಅಂದ್ರು ಅಪ್ಪಾ.

ಮಾವಶಿ ನನ್ನ ಕಡೆ ಹೊಳ್ಳಿ, ನಿಮ್ಮಪ್ಪಾ ಏನ್ ಮಾಡ್ತಾರಪಾ ಅಂದ್ಲು. ಸುಳ್ಳ ಹುಡಕಿದ್ನಿ, ಸಿಗಲಿಲ್ಲ. ಹಳದಿ ಪೇಟ್ಯಾಗ ದಿವಾಣಜಿ ಅಂದ್ನಿ. ಹಂಗಾದ್ರ ನಿಮಗ ಗೊತ್ತಿರಬೇಕಲ್ರಿ, ಹೆಂತಾ ಮನಶಾ ಅಂತ ವ್ಯಾಪಾರಿ ಕಾಕಾ ಅಪ್ಪಾನ್ನ ಕೇಳಿದ್ರು.

ಅಪ್ಪಾ ಚಪಾತಿ ಮುರದ್ರು. "ಮಾರಿ ನೋಡೇನ್ರಿ. ಭೋಳೆ ಮನಶಾ. ಮಗಾ ಹೇಳಿದ್ದೆಲ್ಲಾ ನಂಬ್ತಾನ."

ಅಪ್ಪಾ ನದಿ ನೋಡಕೋತ ನನ್ನ ಕೇಳಿದ್ರು, "ಕಾಲೇಜಿಗೆ ಹೋಗೂದಿಲ್ಲೇನ್ರಿ ನೀವು?"

"ಬಿಟ್ಟೇನ್ರಿ."

"ಯಾವಾಗ್ರಿ?"

"ಗಣಪತಿ ಹಬ್ಬಾ ಮುಗದ ಮ್ಯಾಲ್ರಿ."

"ಮನ್ಯಾಗ ಗೊತ್ತೈತೇನ್ರಿ?"

"ಈಗ ಗೊತ್ತಾತ್ರಿ."

ಮಾವಶಿ ಸೆರಗ ಬಾಯಿಗೆ ಹಿಡದು ಸಂಗಮದ ಕಡೆ ಹೊಳ್ಳಿದ್ಲು, ಹೆಗಲು ಕುಣ್ಯಾಕತ್ತಿದ್ವು. ವ್ಯಾಪಾರಿ ಕಾಕಾಗ ಏನೂ ತಿಳೀಲಿಲ್ಲ, ಪಾಪ ಚಟ್ನಿ ಕೇಳಿದ್ರು. ನನಗ ಮಾತ್ರ ಆರ ತಿಂಗಳಿಂದ ತಲಿ ಮ್ಯಾಲೆ ಹೊತ್ತ ತಿರಗಿದ ಚೀಲಾ ಯಾರೋ ಇಳಿಸಿದಂಗ ಆತು. ಅವತ್ತ ಡಬ್ಬಿ ಪೂರ್ತಿ ಖಾಲಿ ಮಾಡಿದ್ನಿ.

ಮಾಲಗಾಂವದ ಹೆದರಿಕಿ ಇನ್ನೂ ಇತ್ತು. ನಾವು ಜೈನರು, ಹೊತ್ತ ಮುಳಗೂದ್ರಾಗ ಊಟಾ ಮುಗೀಬೇಕು. ಸಂಜಿಕೆ ಅಪ್ಪಾ ಉಂಡ್ರು, ಕೈ ತೊಳಕೊಂಡ್ರು, ಬಸದಿಗೆ ಹೋಗಾಕ ಚಪ್ಪಲಿ ಮೆಟ್ಟಿದ್ರು.

"ನಾಳೆ ಆ ವ್ಯಾಪಾರಿ ತಮ್ಮ ಬರ್ತಾನಂತ" ಅಂದ್ರು ನನಗ. "ಒಂಬತ್ತಕ್ಕ ಸ್ಟೇಷನ್ ಮುಂದ ಇರ್ರಿ."

ಅವ್ವ ಸೌಟ ಹಿಡಕೊಂಡ ಹೊರಗ ಬಂದ್ಲು. "ಯಾರಿಗ್ರಿ ಈ ರೀ?"

ಅಪ್ಪಾ ಬಾಗಲದಾಗ ನಿಂತ್ರು. "ನಾಳಿಂದ ಎರಡೂ ಡಬ್ಬಿಗೆ ಬ್ಯಾರೆ ಬ್ಯಾರೆ ಪಲ್ಯಾ ಹಾಕು" ಅಂದ್ರು. "ಇಲ್ಲಾಂದ್ರ ಸಿಕ್ಕ ಬೀಳ್ತೇವಿ."

ಹೊರಗ ಹೋಗಿ ಬಾಗಲಾ ಎಳಕೊಂಡ್ರು.